ಒಂದು ಷಡ್ಜ, ಎರಡು ಗಾಂಧಾರ
ರಾಕ್ ಗಿಟಾರ್ ಸೋಲೊದಲ್ಲಿ ಮೇಜರ್, ಮೈನರ್ ಪೆಂಟಟಾನಿಕ್ ಬೆರೆಸುವ ಬಗೆ

ಶ್ರಾವಣದ ಒಂದು ಸೋಮವಾರ ಗಜೇಂದ್ರಗಡದಲ್ಲಿ ಗೆಳೆಯನ ಓಣಿಯ ಭಜನೆಗೆ ಹೋಗಿದ್ದೆ. ಭಜನೆ ಮುಗಿದ ಮೇಲೆ ಹುಡುಗರೆಲ್ಲ ಗಿಟಾರ್ ಬಾರಿಸು ಎಂದು ದುಂಬಾಲು ಬಿದ್ದರು. ಗೆಳೆಯ ತನ್ನ ಗಿಟಾರಿನಲ್ಲಿ ಎ ಮೇಜರ್ ಕಾರ್ಡ್ ಹಿಡಿದ. ನಾಲ್ಕು ವರ್ಷದಿಂದ ತಿದ್ದಿದ್ದ ಎ ಮೈನರ್ ಪೆಂಟಟಾನಿಕ್ ಬಾಕ್ಸಿನಲ್ಲಿ ನಾನು ಸೋಲೊ ಶುರುಮಾಡಿದೆ. ಪೇಟಿಯ (ಹಾರ್ಮೋನಿಯಂ) ಮುಂದೆ ಕುಳಿತಿದ್ದ ಹಿರಿಯರು ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದರು.

"ತಮ್ಮಾ, ಅವನ ಕಾರ್ಡಿನ್ಯಾಗ ಶುದ್ಧ ಗಾಂಧಾರ ಐತಿ. ನೀ ಬರೇ ಕೋಮಲ ಗಾಂಧಾರ ಹಿಡಕೊಂಡು ಕುಂತೀಯಲ್ಲೋ?"

"ಎರಡೂ ಬಾರಿಸಬಹುದೇನ್ರಿ ಕಾಕಾ?"

"ಯಾಕ ಬಾರದು? ಜೋಗಿನ್ಯಾಗ ಎರಡೂ ಅದಾವು. ಯಾವಾಗ ಯಾವುದು ಅನ್ನೋದು ತಿಳದಿರಬೇಕು."

ಹಾಗೆಂದು ಅವರು ಪೇಟಿಯ ಮೇಲೆ ಜೋಗ್ ರಾಗದ ಒಂದು ಇಳಿಕೆ ನುಡಿಸಿ ತೋರಿಸಿದರು. ಗಿಟಾರ್ ಮುಟ್ಟದ ಆ ಹಿರಿಯರು ಅಂದು ಹೇಳಿದ್ದು ರಾಕ್ ಸೋಲೊದ ಬಹುಮುಖ್ಯ ಪಾಠ. ಮೇಜರ್ ಮತ್ತು ಮೈನರ್ ಪೆಂಟಟಾನಿಕ್ ಬೆರೆಸುವುದೆಂದರೆ ಒಂದೇ ಷಡ್ಜದ ಮೇಲೆ ನಿಂತು ಎರಡು ಗಾಂಧಾರಗಳನ್ನು ಹೊತ್ತರಿತು ಮುಟ್ಟುವುದು. ರೋಣ, ನರಗುಂದ, ಗಜೇಂದ್ರಗಡದ ಕಡೆ ಫೋನ್ ನೋಡಿ ಗಿಟಾರ್ ಕಲಿಯುತ್ತಿರುವ ಹುಡುಗ ಹುಡುಗಿಯರಿಗೆ ಬಾಕ್ಸ್‌ಗಳ ಚಿತ್ರ ಸಿಗುತ್ತದೆ, ಆದರೆ ಯಾವ ಸ್ವರ ಯಾಕೆ ಎಂಬುದು ಸಿಗುವುದು ಕಡಿಮೆ. ಅವರಿಗಾಗಿ ಈ ಲೇಖನ.

ಐದು ಮತ್ತು ಐದು ಸೇರಿದರೆ ಎಂಟು

ಪೆಂಟಟಾನಿಕ್ ಎಂದರೆ ಐದು ಸ್ವರಗಳ ಸ್ಕೇಲ್. ನಮ್ಮ ಸಂಗೀತದಲ್ಲಿ ಇದಕ್ಕೆ ಔಡವ ಎನ್ನುತ್ತಾರೆ. ಈ ಲೇಖನದಲ್ಲಿ ಷಡ್ಜವನ್ನು ಎ ಸ್ವರಕ್ಕೆ ಇಟ್ಟುಕೊಳ್ಳೋಣ. ಗಿಟಾರಿನ ಐದನೆಯ ತಂತಿಯನ್ನು ಖಾಲಿ ಬಿಟ್ಟು ಮೀಟಿದರೆ ಬರುವುದು ಇದೇ. ಪೇಟಿಯವರ ಮಾತಿನಲ್ಲಿ ಬಿಳಿ ಆರು. ಕೋಮಲ ಸ್ವರಗಳನ್ನು ಇಲ್ಲಿ 'ಕೋ' ಸೇರಿಸಿ ಬರೆದಿದ್ದೇನೆ. ಬರಿದೆ ಗ, ನಿ, ಧ ಎಂದು ಇದ್ದರೆ ಅದು ಶುದ್ಧ.

ಎ ಮೈನರ್ ಪೆಂಟಟಾನಿಕ್: ಎ, ಸಿ, ಡಿ, ಇ, ಜಿ. ಸ್ವರದಲ್ಲಿ ಸ, ಕೋಗ, ಮ, ಪ, ಕೋನಿ.

ಎ ಮೇಜರ್ ಪೆಂಟಟಾನಿಕ್: ಎ, ಬಿ, ಸಿ ಶಾರ್ಪ್, ಇ, ಎಫ್ ಶಾರ್ಪ್. ಸ್ವರದಲ್ಲಿ ಸ, ರೇ, ಗ, ಪ, ಧ.

ಎರಡರಲ್ಲೂ ಇರುವುದು ಸ ಮತ್ತು ಪ. ಉಳಿದ ಮೂರು ಮೂರು ಬೇರೆ. ಒಟ್ಟು ಮಾಡಿದರೆ ಎಂಟು: ಸ, ರೇ, ಕೋಗ, ಗ, ಮ, ಪ, ಧ, ಕೋನಿ. ಇದರಿಂದ ಕೋಮಲ ಗಾಂಧಾರವನ್ನು ತೆಗೆದರೆ ಉಳಿಯುವ ಏಳು ಸ್ವರಗಳೇ ಖಮಾಜ್ ಥಾಟ್. ಶುದ್ಧ ಗಾಂಧಾರವನ್ನು ತೆಗೆದರೆ ಕಾಫಿ ಥಾಟ್. ಎರಡಕ್ಕೂ ಇರುವ ಅಂತರ ಗಿಟಾರಿನಲ್ಲಿ ಒಂದೇ ಒಂದು ಫ್ರೆಟ್. ರಾಕ್ ಸೋಲೊ ಖಮಾಜ್ ಮತ್ತು ಕಾಫಿಯ ನಡುವೆ ಓಡಾಡುತ್ತದೆ ಎಂದು ಗ್ರಹಿಸಿದರೆ ಅರ್ಧ ಕೆಲಸ ಆದಂತೆ.

ಈ ನೆಲದ ಕಿವಿಗೆ ಇದು ಹೊಸದಲ್ಲ

ಮೇಜರ್ ಪೆಂಟಟಾನಿಕ್‌ನ ಐದು ಸ್ವರಗಳೇ ಭೂಪ್ ರಾಗದವು. ಕರ್ನಾಟಕ ಪದ್ಧತಿಯಲ್ಲಿ ಅದು ಮೋಹನ. ಮೈನರ್ ಪೆಂಟಟಾನಿಕ್‌ನ ಐದು ಸ್ವರಗಳು ಧಾನಿ ರಾಗದವು, ಕರ್ನಾಟಕ ಪದ್ಧತಿಯ ಶುದ್ಧ ಧನ್ಯಾಸಿಯವು. ಸ್ಕೇಲ್ ಬೇರೆ, ರಾಗ ಬೇರೆ ಎಂಬ ಎಚ್ಚರ ಇರಲಿ. ರಾಗಕ್ಕೆ ತನ್ನದೇ ಚಲನೆ, ತನ್ನದೇ ನಿಲುಗಡೆ ಇರುತ್ತದೆ. ಆದರೂ ಕಿವಿ ಪಳಗಿಸಲು ಈ ಹೋಲಿಕೆ ದೊಡ್ಡ ಸಹಾಯ.

ಪೇಟಿಯ ಕಾಕಾ ಹೆಸರಿಸಿದ ಜೋಗ್ ರಾಗವನ್ನೇ ನೋಡಿ. ಏರುವಾಗ ಸ, ಗ, ಮ, ಪ, ಕೋನಿ, ಸ. ಇಳಿಯುವಾಗ ಸ, ಕೋನಿ, ಪ, ಮ, ಗ, ಮ, ಕೋಗ, ಸ. ಏರಿಕೆಯಲ್ಲಿ ಶುದ್ಧ ಗಾಂಧಾರ ಬೆಳಕು ಕೊಡುತ್ತದೆ. ಇಳಿದು ಷಡ್ಜ ಸೇರುವ ಮುನ್ನ ಕೋಮಲ ಗಾಂಧಾರ ಬಂದು ಹೋಗುತ್ತದೆ. ಜಯಜಯವಂತಿಯಲ್ಲೂ ಎರಡು ಗಾಂಧಾರಗಳಿವೆ. ಅಲ್ಲಿ ಕೋಮಲ ಗಾಂಧಾರ ಎರಡು ರಿಷಭಗಳ ನಡುವೆ ಕುಳಿತು ರೇ, ಕೋಗ, ರೇ, ಸ ಎಂದು ಬರುತ್ತದೆ. ಎರಡು ಗಾಂಧಾರಗಳನ್ನು ಎಲ್ಲೆಂದರಲ್ಲಿ ಚೆಲ್ಲದೆ, ಪ್ರತಿಯೊಂದಕ್ಕೂ ಜಾಗ ಗೊತ್ತುಮಾಡುವುದು ಈ ರಾಗಗಳ ಶಿಸ್ತು. ಸೋಲೊಗೂ ಬೇಕಾದದ್ದು ಇದೇ ಶಿಸ್ತು.

ರೋಣದ ಹೆಸರು ಬಂದಾಗ ಭೀಮಸೇನ ಜೋಶಿಯವರನ್ನು ನೆನೆಯದೆ ಮುಂದೆ ಹೋಗಲಾಗದು. 1922ರ ಫೆಬ್ರುವರಿ 4ರಂದು ಅವರು ಹುಟ್ಟಿದ ಊರು ಅದು. ಅಬ್ದುಲ್ ಕರೀಂ ಖಾನರು ಹಾಡಿದ ಝಿಂಝೋಟಿ ರಾಗದ ಠುಮರಿಯ ಧ್ವನಿಮುದ್ರಿಕೆ ಕೇಳಿ ಬಾಲಕ ಭೀಮಸೇನರಿಗೆ ಸಂಗೀತದ ಹುಚ್ಚು ಹತ್ತಿತು. 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಹುಡುಕುತ್ತ ಮನೆ ಬಿಟ್ಟರು. ಮುಂದೆ ಕುಂದಗೋಳದ ಸವಾಯಿ ಗಂಧರ್ವರಲ್ಲಿ ಕಲಿತು ಕಿರಾನಾ ಘರಾಣೆಯನ್ನು ಲೋಕಕ್ಕೆ ಮುಟ್ಟಿಸಿದರು. ಆ ಝಿಂಝೋಟಿ ಖಮಾಜ್ ಥಾಟಿನ ರಾಗ. ಎಂದರೆ ನಮ್ಮ ಎಂಟು ಸ್ವರಗಳಲ್ಲಿ ಕೋಮಲ ಗಾಂಧಾರವನ್ನು ಬಿಟ್ಟರೆ ಉಳಿಯುವ ಸ್ವರಗಳ ಮನೆಯದೇ. ಗಿಟಾರ್ ಹಿಡಿದ ಇಂದಿನ ಹುಡುಗ ಎ7 ಕಾರ್ಡಿನ ಮೇಲೆ ಹುಡುಕುವ ಸ್ವರಗಳು, ತೊಂಬತ್ತು ವರ್ಷಕ್ಕೂ ಹಿಂದೆ ತವೆಯಿಂದ ಕೇಳಿಬಂದು ಇದೇ ಸೀಮೆಯ ಒಬ್ಬ ಬಾಲಕನನ್ನು ಸೆಳೆದ ಸ್ವರಗಳ ಬಳಗವೇ.

ಕಿರಾನಾದಿಂದ ಗಿಟಾರಿಗೆ ಇನ್ನೊಂದು ಪಾಠವಿದೆ. ಆ ಘರಾಣೆಯ ಗಾಯಕರು ಒಂದೊಂದು ಸ್ವರದ ಮೇಲೆ ಸಾವಧಾನವಾಗಿ ನಿಂತು, ಅದರ ರಸವನ್ನೆಲ್ಲ ತೋರಿಸಿ, ಆಮೇಲೆ ಮುಂದಿನ ಸ್ವರಕ್ಕೆ ಹೋಗುತ್ತಾರೆ. ವೇಗದ ತಾನ ಬರುವುದು ಕೊನೆಗೆ. ಸೋಲೊ ಕಲಿಯುವವರು ಇದನ್ನು ತಿರುಗುಮುರುಗು ಮಾಡುತ್ತಾರೆ. ನಾನೂ ಮಾಡಿದೆ, ಅದರಿಂದ ನಾಲ್ಕು ವರ್ಷ ಕಳೆದುಕೊಂಡೆ.

ಬೆರಳ ಹಾದಿ

ಈಗ ಗಿಟಾರ್ ಕೈಗೆ ತೆಗೆದುಕೊಳ್ಳಿ. ಒಂದನೆಯ ತಂತಿ ಎಂದರೆ ತೀರ ತೆಳುವಾದದ್ದು, ಆರನೆಯದು ತೀರ ದಪ್ಪದ್ದು.

ಎ ಮೈನರ್ ಪೆಂಟಟಾನಿಕ್, ಐದನೆಯ ಫ್ರೆಟ್ಟಿನ ಜಾಗದಲ್ಲಿ:
6ನೇ ತಂತಿ: 5, 8
5ನೇ ತಂತಿ: 5, 7
4ನೇ ತಂತಿ: 5, 7
3ನೇ ತಂತಿ: 5, 7
2ನೇ ತಂತಿ: 5, 8
1ನೇ ತಂತಿ: 5, 8

ಇದು ಬಹುತೇಕ ಎಲ್ಲರಿಗೂ ಗೊತ್ತಿರುವ ಬಾಕ್ಸ್. ಷಡ್ಜ ಇರುವುದು 6ನೇ ತಂತಿಯ 5, 4ನೇ ತಂತಿಯ 7, 1ನೇ ತಂತಿಯ 5ರಲ್ಲಿ.

ಎ ಮೇಜರ್ ಪೆಂಟಟಾನಿಕ್, ಕೈಯನ್ನು ಅದೇ ಜಾಗದಲ್ಲಿ ಇಟ್ಟುಕೊಂಡು:
6ನೇ ತಂತಿ: 5, 7
5ನೇ ತಂತಿ: 4, 7
4ನೇ ತಂತಿ: 4, 7
3ನೇ ತಂತಿ: 4, 6
2ನೇ ತಂತಿ: 5, 7
1ನೇ ತಂತಿ: 5, 7

ಷಡ್ಜದ ಮೂರೂ ಜಾಗಗಳು ಬದಲಾಗಿಲ್ಲ ಎಂಬುದನ್ನು ಗಮನಿಸಿ. ಬೆರೆಸಿ ನುಡಿಸುವಾಗ ಕೈಗೆ ಇದೇ ಆಸರೆ.

ಇನ್ನೊಂದು ಸುಲಭದ ಉಪಾಯ ಎಲ್ಲ ಕಡೆ ಹೇಳಿಕೊಡುತ್ತಾರೆ: ಮೈನರ್ ಬಾಕ್ಸನ್ನು ಹಾಗೆಯೇ ಮೂರು ಫ್ರೆಟ್ ಹಿಂದಕ್ಕೆ, ಎರಡನೆಯ ಫ್ರೆಟ್ಟಿಗೆ ಸರಿಸಿದರೆ ಮೇಜರ್ ಸಿಗುತ್ತದೆ. ಇದು ನಿಜ. ಕಾರಣ ಮೂರ್ಛನೆ. ಭೂಪ್‌ನ ಧೈವತವನ್ನು ಷಡ್ಜವೆಂದು ಭಾವಿಸಿ ಅವೇ ಸ್ವರಗಳನ್ನು ಹಾಡಿದರೆ ಧಾನಿಯ ಸ್ವರಗಳು ಹುಟ್ಟುತ್ತವೆ, ಅದಕ್ಕೇ ಎರಡರ ಆಕಾರವೂ ಒಂದೇ. ಆದರೆ ಇಲ್ಲಿ ಒಂದು ಗುಂಡಿ ಇದೆ. ಆಕಾರ ಹಿಂದೆ ಸರಿದರೂ ಷಡ್ಜ ಅದರ ಜೊತೆ ಸರಿಯುವುದಿಲ್ಲ. ಆರನೆಯ ತಂತಿಯಲ್ಲಿ ತೋರುಬೆರಳಿನ ಕೆಳಗೆ ಇದ್ದ ಷಡ್ಜ ಈಗ ಕಿರುಬೆರಳಿನ ಕೆಳಗಿದೆ. ಹಳೆಯ ಅಭ್ಯಾಸದಂತೆ ತೋರುಬೆರಳಿನ ಸ್ವರದ ಮೇಲೆ ನಿಲ್ಲಿಸಿದರೆ ನೀವು ನಿಂತಿರುವುದು ಧೈವತದ ಮೇಲೆ. ಸಾಲು ಮುಗಿದಂತೆ ಕೇಳುವುದಿಲ್ಲ. ಆದ್ದರಿಂದ ಮೊದಲು ಒಂದೇ ಜಾಗದಲ್ಲಿ ಎರಡೂ ಸ್ಕೇಲ್ ಕಲಿಯಿರಿ, ಸರಿಸುವ ಉಪಾಯ ಆಮೇಲಿರಲಿ.

ಯಾವ ಕಾರ್ಡಿಗೆ ಯಾವ ಗಾಂಧಾರ

ಕಾಕಾ ಹೇಳಿದ 'ಯಾವಾಗ ಯಾವುದು' ಎಂಬುದರ ಉತ್ತರ ಕಾರ್ಡಿನೊಳಗೇ ಇದೆ. ರಾಕ್ ಸಂಗೀತಕ್ಕೆ ತಾಯಿಬೇರು ಅಮೆರಿಕದ ಕಪ್ಪು ಜನರ ಬ್ಲೂಸ್. ಅದರ ಹನ್ನೆರಡು ಬಾರಿನ ಆವರ್ತನ ಎ ಷಡ್ಜದಲ್ಲಿ ಸಾಮಾನ್ಯವಾಗಿ ಹೀಗಿರುತ್ತದೆ: ನಾಲ್ಕು ಬಾರ್ ಎ7, ಎರಡು ಬಾರ್ ಡಿ7, ಎರಡು ಬಾರ್ ಎ7, ಒಂದು ಇ7, ಒಂದು ಡಿ7, ಕೊನೆಯ ಎರಡು ಎ7. ಈ ಮೂರು ಕಾರ್ಡುಗಳನ್ನು ಸ್ವರಕ್ಕೆ ಬಿಡಿಸಿ ನೋಡೋಣ.

ಎ7 ಎಂದರೆ ಸ, ಗ, ಪ, ಕೋನಿ. ಶುದ್ಧ ಗಾಂಧಾರ ಕಾರ್ಡಿನ ಒಳಗೇ ಇದೆ. ಈ ಕಾರ್ಡ್ ನಡೆಯುವಾಗ ಮೇಜರ್ ಪೆಂಟಟಾನಿಕ್ ಹಿತವಾಗಿ ಕೇಳುತ್ತದೆ. ಕೋಮಲ ಗಾಂಧಾರವನ್ನೂ ಮುಟ್ಟಬಹುದು, ಆದರೆ ಅಲ್ಲಿ ನಿಲ್ಲದೆ ಶುದ್ಧಕ್ಕೆ ಜಾರಬೇಕು, ಇಲ್ಲವೇ ಷಡ್ಜಕ್ಕೆ ಇಳಿಯಬೇಕು. ಜೋಗ್‌ನ ಏರಿಕೆಯಲ್ಲಿ ಈ ನಾಲ್ಕೂ ಸ್ವರಗಳಿವೆ ಎಂಬುದನ್ನು ನೆನಪಿಡಿ.

ಡಿ7 ಎಂದರೆ ಮ, ಧ, ಸ, ಕೋಗ. ಇಲ್ಲಿ ಕೋಮಲ ಗಾಂಧಾರವೇ ಕಾರ್ಡಿನ ಸ್ವರ. ಎ7 ಮೇಲೆ ದಾಟಿಹೋಗುತ್ತಿದ್ದ ಅತಿಥಿ ಇಲ್ಲಿ ಮನೆಯ ಯಜಮಾನ. ಶುದ್ಧ ಗಾಂಧಾರವನ್ನು ಈ ಎರಡು ಬಾರ್‌ಗಳಲ್ಲಿ ಒತ್ತಿ ಹಿಡಿದರೆ ಕಾರ್ಡಿನ ಕೋಮಲ ಗಾಂಧಾರಕ್ಕೆ ತಾಗಿ ಕಿರಿಕಿರಿಯಾಗುತ್ತದೆ. ಆದ್ದರಿಂದ ಕಾರ್ಡ್ ಡಿಗೆ ಹೋದೊಡನೆ ಮೈನರ್ ಪೆಂಟಟಾನಿಕ್‌ಗೆ ಬನ್ನಿ, ಜೊತೆಗೆ ಧೈವತವನ್ನು ಇಟ್ಟುಕೊಳ್ಳಿ. 2ನೇ ತಂತಿಯ 7, 1ನೇ ತಂತಿಯ 5, 1ನೇ ತಂತಿಯ 8, ಮತ್ತೆ 5 ಎಂದು ನುಡಿಸಿದರೆ ಧ, ಸ, ಕೋಗ, ಸ ಬರುತ್ತದೆ. ಜೊತೆಗೆ ಯಾವ ವಾದ್ಯ ಇಲ್ಲದಿದ್ದರೂ ಕಾರ್ಡ್ ಬದಲಾದದ್ದು ಕೇಳುವವರಿಗೆ ಗೊತ್ತಾಗುತ್ತದೆ.

ಇ7 ಎಂದರೆ ಪ, ಶುದ್ಧ ನಿ, ರೇ, ಮ. ಶುದ್ಧ ನಿಷಾದ ನಮ್ಮ ಎಂಟು ಸ್ವರಗಳಲ್ಲಿ ಇಲ್ಲ. ಮೊದಮೊದಲು ಪಂಚಮ, ರಿಷಭ, ಮಧ್ಯಮಗಳ ಮೇಲೆ ಭಾರ ಹಾಕಿ ಈ ಒಂದು ಬಾರ್ ದಾಟಿ. ಯಾವ ಪೆಂಟಟಾನಿಕ್ ಆದರೂ ನಡೆಯುತ್ತದೆ, ಕೋಮಲ ನಿಷಾದದ ಮೇಲೆ ಮಾತ್ರ ಹೆಚ್ಚು ಹೊತ್ತು ನಿಲ್ಲಬೇಡಿ.

ಬಾಯಿಪಾಠಕ್ಕೆ ಇಷ್ಟು ಸಾಕು: ಎ ಮೇಲೆ ಶುದ್ಧ ಗಾಂಧಾರದಲ್ಲಿ ನಿಲ್ಲು, ಡಿ ಮೇಲೆ ಕೋಮಲ ಗಾಂಧಾರದಲ್ಲಿ ನಿಲ್ಲು, ಇ ಮೇಲೆ ರಿಷಭದಲ್ಲೋ ಪಂಚಮದಲ್ಲೋ ನಿಲ್ಲು. ನಡುವೆ ಓಡಾಡಲು ಎಂಟೂ ಸ್ವರ ನಿಮ್ಮವು. ಸಾಲು ಎಲ್ಲಿ ತಂಗುತ್ತದೆ ಎಂಬುದನ್ನು ಕೇಳುಗರ ಕಿವಿ ಹಿಡಿದಿಡುತ್ತದೆ, ದಾರಿಯಲ್ಲಿ ತುಳಿದ ಸ್ವರಗಳನ್ನು ಅದು ಸುಲಭವಾಗಿ ಕ್ಷಮಿಸುತ್ತದೆ.

ಬೆರೆಸುವ ನಾಲ್ಕು ಬಗೆ

ಒಂದು, ಜಾರಿಸುವುದು. 3ನೇ ತಂತಿಯ 5ರಲ್ಲಿ ಕೋಮಲ ಗಾಂಧಾರ ಮೀಟಿ, ಮತ್ತೆ ಮೀಟದೆ ನಡುಬೆರಳಿನಿಂದ 6ನೇ ಫ್ರೆಟ್ ಬಡಿಯಿರಿ. ಇದು ಹ್ಯಾಮರ್ ಆನ್. ಆಮೇಲೆ 2ನೇ ತಂತಿಯ 5, 1ನೇ ತಂತಿಯ 5. ಸ್ವರದಲ್ಲಿ ಕೋಗ, ಗ, ಪ, ಸ. ರಾಕ್ ಮತ್ತು ಬ್ಲೂಸ್‌ನಲ್ಲಿ ಅಸಂಖ್ಯ ಸಲ ಕೇಳಿಬರುವ ಸಾಲು ಇದು. ನಾಲ್ಕೇ ಸ್ವರಗಳಲ್ಲಿ ಎರಡೂ ಸ್ಕೇಲ್‌ಗಳ ರುಚಿ ಇದೆ.

ಎರಡು, ಸವಾಲು ಜವಾಬು. ಸವಾಲು ಮೈನರ್‌ನಲ್ಲಿ: 1ನೇ ತಂತಿಯ 8, 5, 2ನೇ ತಂತಿಯ 8, 5. ಎಂದರೆ ಕೋಗ, ಸ, ಕೋನಿ, ಪ. ಒಂದು ಉಸಿರು ಬಿಡಿ. ಜವಾಬು ಮೇಜರ್‌ನಲ್ಲಿ: 2ನೇ ತಂತಿಯ 7, 5, 3ನೇ ತಂತಿಯ 6, 4, 4ನೇ ತಂತಿಯ 7. ಎಂದರೆ ಧ, ಪ, ಗ, ರೇ, ಸ. ಗೀಗೀ ಮೇಳದಲ್ಲಿ ಒಂದು ಪಕ್ಷದವರ ಸವಾಲಿಗೆ ಎದುರು ಪಕ್ಷದವರು ಜವಾಬು ಕಟ್ಟುವುದನ್ನು ಕೇಳಿ ಬೆಳೆದವರಿಗೆ ಇದರ ಲಯವನ್ನು ವಿವರಿಸಬೇಕಾಗಿಲ್ಲ. ಸವಾಲಿಗೂ ಜವಾಬಿಗೂ ನಡುವೆ ಬಿಡುವ ಮೌನ ಸಾಲಿನಷ್ಟೇ ಮುಖ್ಯ.

ಮೂರು, ಜೋಗ್‌ನ ಇಳಿಕೆ. 2ನೇ ತಂತಿಯ 8, 5, 3ನೇ ತಂತಿಯ 7, 6, 7, 5, ಕೊನೆಗೆ 4ನೇ ತಂತಿಯ 7. ಎಂದರೆ ಕೋನಿ, ಪ, ಮ, ಗ, ಮ, ಕೋಗ, ಸ. ಅಂದು ಭಜನೆಯ ಕಟ್ಟೆಯಲ್ಲಿ ಪೇಟಿಯ ಮೇಲೆ ಕೇಳಿದ ಇಳಿಕೆ ಇದೇ. ಎ7 ಕಾರ್ಡಿನ ಮೇಲೆ, ಸ್ವಲ್ಪ ಡಿಸ್ಟಾರ್ಷನ್ ಇಟ್ಟು, ನಿಧಾನವಾಗಿ ನುಡಿಸಿ ನೋಡಿ. ರಾಗದ ನೆರಳೂ ರಾಕ್‌ನ ಖಾರವೂ ಒಟ್ಟಿಗೆ ಬರುತ್ತವೆ.

ನಾಲ್ಕು, ಬೆಂಡ್. 3ನೇ ತಂತಿಯ 4ನೇ ಫ್ರೆಟ್ಟಿನಲ್ಲಿ ರಿಷಭ ಇದೆ. ತಂತಿಯನ್ನು ಒಂದು ಫ್ರೆಟ್ಟಿನಷ್ಟು ಎಳೆದರೆ ಕೋಮಲ ಗಾಂಧಾರ, ಎರಡು ಫ್ರೆಟ್ಟಿನಷ್ಟು ಎಳೆದರೆ ಶುದ್ಧ ಗಾಂಧಾರ. ಒಂದೇ ಜಾಗದಿಂದ ಎರಡು ಗಾಂಧಾರಗಳು. ಇನ್ನು 3ನೇ ತಂತಿಯ 5ರಲ್ಲಿ ಕೋಮಲ ಗಾಂಧಾರವನ್ನು ಮೀಟಿ, ಶುದ್ಧಕ್ಕೆ ಮುಟ್ಟದಂತೆ ಚೂರೇ ಚೂರು ಎಳೆಯಿರಿ. ಎರಡರ ನಡುವಿನ ಆ ಸ್ವರವನ್ನು ಬ್ಲೂಸ್‌ನವರು ಬ್ಲೂ ನೋಟ್ ಎನ್ನುತ್ತಾರೆ. ಪೇಟಿಯಲ್ಲಿ ಅದಕ್ಕೆ ಮನೆಯೇ ಇಲ್ಲ. ಕಂಠದಲ್ಲಿ, ಸಾರಂಗಿಯಲ್ಲಿ, ಗಿಟಾರಿನಲ್ಲಿ ಇದೆ. ಮೀಂಡ್, ಶ್ರುತಿ ಎಂದು ನಮ್ಮ ಹಿರಿಯರು ಹೇಳುವುದರ ಅನುಭವ ಬೆರಳಿಗೆ ಆಗುವುದು ಇಲ್ಲಿ.

ಅಕೂಸ್ಟಿಕ್ ಗಿಟಾರ್ ಇದ್ದವರಿಗೆ ಒಂದು ಮಾತು. ಅದರ ತಂತಿಗಳು ದಪ್ಪ, ಎರಡು ಫ್ರೆಟ್ಟಿನಷ್ಟು ಎಳೆಯುವುದು ಕಷ್ಟ. ಬೆರಳು ನೋಯಿಸಿಕೊಳ್ಳಬೇಡಿ. ಬೆಂಡ್ ಬದಲು ಹ್ಯಾಮರ್ ಆನ್ ಮತ್ತು ಸ್ಲೈಡ್ ಬಳಸಿ. ಇಲೆಕ್ಟ್ರಿಕ್ ಗಿಟಾರಿಗೆ 9ರಿಂದ 42 ಗೇಜಿನ ತೆಳು ತಂತಿ ಹಾಕಿಸಿದರೆ ಬೆಂಡ್ ಸಲೀಸು.

ಬೆರೆಸಬಾರದ ಜಾಗ

ಹಾಡು ಎ ಮೈನರ್‌ನಲ್ಲಿದ್ದರೆ ಶುದ್ಧ ಗಾಂಧಾರವನ್ನು ದೂರ ಇಡಿ. ಎ ಮೈನರ್ ಕಾರ್ಡಿನಲ್ಲಿ ಸ, ಕೋಗ, ಪ ಇವೆ. ಅದರ ಮೇಲೆ ಶುದ್ಧ ಗಾಂಧಾರ ಬಾರಿಸಿದರೆ ಪೇಟಿಯಲ್ಲಿ ಪಕ್ಕದ ಎರಡು ಮನೆ ಒಟ್ಟಿಗೆ ಒತ್ತಿದಂತೆ. ಮೈನರ್ ಪೆಂಟಟಾನಿಕ್ ಅನ್ನು ಮೇಜರ್ ಕಾರ್ಡಿನ ಮೇಲೆ ತರಬಹುದು, ಮೇಜರ್ ಪೆಂಟಟಾನಿಕ್ ಅನ್ನು ಮೈನರ್ ಕಾರ್ಡಿನ ಮೇಲೆ ತರಲಾಗದು. ಈ ಒಮ್ಮುಖದ ನಿಯಮ ನೆನಪಿನಲ್ಲಿರಲಿ.

ಪವರ್ ಕಾರ್ಡ್ ಇದ್ದಾಗ ಕಥೆ ಬೇರೆ. ಅದರಲ್ಲಿ ಸ ಮತ್ತು ಪ ಮಾತ್ರ ಇರುತ್ತವೆ, ಗಾಂಧಾರವೇ ಇಲ್ಲ. ಎ ಪವರ್ ಕಾರ್ಡ್ ಒಂದೇ ಮೊಳಗುತ್ತಿದ್ದರೆ ಎರಡೂ ಗಾಂಧಾರಗಳಿಗೆ ಬಾಗಿಲು ತೆರೆದಿರುತ್ತದೆ. ಆದರೆ ರಿಫ್‌ನಲ್ಲಿ ಎ, ಸಿ, ಡಿ ಎಂದು ಕಾರ್ಡುಗಳು ಬಂದರೆ, ಆ ಸಿ ಎಂಬುದೇ ಕೋಮಲ ಗಾಂಧಾರ. ಅದು ನಡೆಯುವಾಗ ಮೈನರ್‌ನಲ್ಲೇ ಇರಿ.

ಸೋಲೊ ಶುರುಮಾಡುವ ಮೊದಲು ರಿದಂ ನುಡಿಸುವವರನ್ನು ಕೇಳಿಕೊಳ್ಳಿ: ಕಾರ್ಡಿನಲ್ಲಿ ಯಾವ ಗಾಂಧಾರ ಇದೆ? ಆ ಒಂದು ಪ್ರಶ್ನೆಯಿಂದ ಅರ್ಧ ತಪ್ಪುಗಳು ತಪ್ಪುತ್ತವೆ.

ಕೇಳಿ ಕಲಿಯಬೇಕಾದವು

ಚಕ್ ಬೆರಿಯ 'ಜಾನಿ ಬಿ. ಗುಡ್' (1958) ರಾಕ್ ಗಿಟಾರಿನ ಮೂಲಪಾಠಗಳಲ್ಲಿ ಒಂದು. 1977ರಲ್ಲಿ ಬಾಹ್ಯಾಕಾಶಕ್ಕೆ ಹೋದ ವಾಯೇಜರ್ ನೌಕೆಯ ಚಿನ್ನಲೇಪದ ಮುದ್ರಿಕೆಯಲ್ಲಿ ಈ ಹಾಡೂ ಇದೆ, ಕೇಸರಬಾಯಿ ಕೇರಕರ ಅವರ ಭೈರವಿಯೂ ಇದೆ. ಬ್ಲೂಸ್ ಮತ್ತು ಹಿಂದೂಸ್ತಾನಿ ಎರಡೂ ಒಂದೇ ತಟ್ಟೆಯಲ್ಲಿ ನಕ್ಷತ್ರಗಳ ಕಡೆಗೆ ಹೊರಟಿವೆ. ನಮ್ಮ ಅಭ್ಯಾಸದ ಕೋಣೆಯಲ್ಲಿ ಅವು ಜೊತೆಗಿರಲು ಏನು ಅಡ್ಡಿ?

ಎ ಷಡ್ಜದಲ್ಲಿ ಬೆರಕೆಯ ಪಾಠಕ್ಕೆ ಕ್ರೀಮ್ ತಂಡದ 'ಕ್ರಾಸ್‌ರೋಡ್ಸ್' (1968) ಕೇಳಿ. ರಾಬರ್ಟ್ ಜಾನ್ಸನ್ 1936ರಲ್ಲಿ ಮುದ್ರಿಸಿದ ಬ್ಲೂಸ್ ಹಾಡನ್ನು ತಂಡ ವೇದಿಕೆಯ ಮೇಲೆ ರಾಕ್ ಆಗಿ ನುಡಿಸಿದ್ದು ಅದು. ಅದರಲ್ಲಿ ಎರಿಕ್ ಕ್ಲಾಪ್ಟನ್ ನುಡಿಸಿದ ಸೋಲೊಗಳಲ್ಲಿ ಮೇಜರ್ ಸಾಲು ಎಲ್ಲಿ ಮುಗಿದು ಮೈನರ್ ಸಾಲು ಎಲ್ಲಿ ಶುರುವಾಗುತ್ತದೆ ಎಂದು ಕಾಗದದ ಮೇಲೆ ಗುರುತು ಹಾಕಿಕೊಳ್ಳಿ. ಎಸಿ ಡಿಸಿ ತಂಡದ 'ಯು ಶುಕ್ ಮಿ ಆಲ್ ನೈಟ್ ಲಾಂಗ್' (1980) ಸೋಲೊ ಚಿಕ್ಕದು, ಹಾಡಿಕೊಳ್ಳಲು ಬರುವಂಥದ್ದು. ಬಿ. ಬಿ. ಕಿಂಗ್ ಅವರ ಯಾವ ಮುದ್ರಿಕೆಯಾದರೂ ಸರಿ, ಒಂದೇ ಸ್ವರದ ಮೇಲೆ ನಿಲ್ಲುವುದು ಹೇಗೆ ಎಂದು ಕಲಿಸುತ್ತದೆ.

ಇವುಗಳ ಪಕ್ಕದಲ್ಲೇ ಜೋಗ್ ರಾಗದ ಯಾವುದಾದರೂ ಸಿತಾರ್ ಇಲ್ಲವೇ ಗಾಯನದ ಮುದ್ರಿಕೆ ಇರಲಿ. ಶಿಶುನಾಳ ಶರೀಫರ ತತ್ವಪದಗಳನ್ನು ರಘು ದೀಕ್ಷಿತ್ ತಮ್ಮ 2008ರ ಆಲ್ಬಮ್‌ನಲ್ಲಿ ಗಿಟಾರಿನೊಂದಿಗೆ ಹಾಡಿದ್ದಾರೆ. ನಮ್ಮ ಸೀಮೆಯ ಪದಗಳು ರಾಕ್ ವಾದ್ಯಗಳ ನಡುವೆ ಉಸಿರಾಡಬಲ್ಲವು ಎಂಬುದಕ್ಕೆ ಅದು ಕಣ್ಣೆದುರಿನ ಸಾಕ್ಷಿ.

ನಾಲ್ಕು ವಾರದ ಅಭ್ಯಾಸ

ದಿನಕ್ಕೆ ಅರ್ಧ ಗಂಟೆ ಸಾಕು, ತಪ್ಪಿಸಬಾರದು ಅಷ್ಟೆ. ಬ್ಯಾಕಿಂಗ್ ಟ್ರ್ಯಾಕ್ ಬೇಕೆಂದಿಲ್ಲ. ಫೋನಿನ ತಂಬೂರಿ ಆಪ್‌ನಲ್ಲಿ ಷಡ್ಜವನ್ನು ಎಗೆ ಇಟ್ಟುಕೊಳ್ಳಿ. ಓಣಿಯಲ್ಲಿ ಪೇಟಿ ಬಾರಿಸುವವರು ಇದ್ದರೆ ಬಿಳಿ ಆರರ ಸ ಮತ್ತು ಪ ಒತ್ತಿ ಹಿಡಿಯಲು ಕೇಳಿಕೊಳ್ಳಿ. ಪೇಟಿಯ ಶ್ರುತಿ ಟ್ಯೂನರ್ ಆಪ್‌ಗಿಂತ ಸ್ವಲ್ಪ ಹೆಚ್ಚು ಕಡಿಮೆ ಇರಬಹುದು. ಪೇಟಿಯನ್ನು ಕೂಡಲೇ ಬದಲಿಸಲು ಬರುವುದಿಲ್ಲ, ಆದ್ದರಿಂದ ಗಿಟಾರನ್ನೇ ಪೇಟಿಗೆ ಕೂಡಿಸಿಕೊಳ್ಳಿ. ಕರೆಂಟ್ ಹೋದರೂ ಈ ಅಭ್ಯಾಸ ನಿಲ್ಲುವುದಿಲ್ಲ.

ಮೊದಲ ವಾರ: ಶ್ರುತಿಯ ಮೇಲೆ ಮೇಜರ್ ಮಾತ್ರ. ಪ್ರತಿ ಸ್ವರವನ್ನು ಬಾಯಲ್ಲಿ ಹಾಡುತ್ತ ಬಾರಿಸಿ. ಕಂಠ ಇಲ್ಲ ಎಂಬ ಸಂಕೋಚ ಬೇಡ, ಗುನುಗಿದರೂ ಆದೀತು. ಪ್ರತಿ ಸಾಲನ್ನೂ ಶುದ್ಧ ಗಾಂಧಾರದಲ್ಲಿ ಇಲ್ಲವೇ ಷಡ್ಜದಲ್ಲಿ ಮುಗಿಸಿ.

ಎರಡನೆಯ ವಾರ: ಅದೇ ಜಾಗದಲ್ಲಿ ಮೈನರ್. ಆಮೇಲೆ ಒಂದು ಸಾಲು ಮೇಜರ್, ಒಂದು ಸಾಲು ಮೈನರ್ ಎಂದು ಬದಲಿಸುತ್ತ ಹೋಗಿ. ನಿಮಿಷಕ್ಕೆ 60 ಮಾತ್ರೆಗಿಂತ ವೇಗ ಬೇಡ.

ಮೂರನೆಯ ವಾರ: ಮೇಲೆ ಹೇಳಿದ ನಾಲ್ಕು ಬಗೆ, ದಿನಕ್ಕೊಂದು. ಮೂರನೆಯ ತಂತಿಯ 4, 5, 6, 7 ಫ್ರೆಟ್‌ಗಳಲ್ಲಿ ರೇ, ಕೋಗ, ಗ, ಮ ಸಾಲಾಗಿ ಇವೆ. ಇಡೀ ಬೆರಕೆಯ ಗುಟ್ಟು ಈ ನಾಲ್ಕು ಫ್ರೆಟ್‌ಗಳಲ್ಲಿದೆ. ಒಂದು ದಿನ ಪೂರ್ತಿ ಈ ಒಂದೇ ತಂತಿಯಲ್ಲಿ ಸೋಲೊ ಕಟ್ಟಿ ನೋಡಿ.

ನಾಲ್ಕನೆಯ ವಾರ: ಹನ್ನೆರಡು ಬಾರಿನ ಆವರ್ತನ. ಎ7, ಡಿ7, ಇ7 ಕಾರ್ಡುಗಳನ್ನು ನೀವೇ ನುಡಿಸಿ ಫೋನಿನಲ್ಲಿ ಮುದ್ರಿಸಿಕೊಳ್ಳಿ. ಅದರ ಮೇಲೆ ಮೊದಲ ದಿನ ಪ್ರತಿ ಬಾರ್‌ಗೆ ಒಂದೇ ಸ್ವರ: ಎ7ಗೆ ಗ, ಡಿ7ಗೆ ಕೋಗ, ಇ7ಗೆ ರೇ. ಒಂದೇ ತಂತಿಯಲ್ಲಿ 6, 5, 4 ಎಂದು ಬೆರಳು ಒಂದೊಂದು ಫ್ರೆಟ್ ಸರಿದರೆ ಸಾಕು. ಇಷ್ಟು ಸರಳವಾದ ಸಾಲಿನಲ್ಲೇ ಹಾಡಿನ ಎಲುಬು ಕೇಳಿಸುತ್ತದೆ. ಮರುದಿನದಿಂದ ಅದರ ಸುತ್ತ ಒಂದೊಂದೇ ಸ್ವರ ಸೇರಿಸಿ.

ವಾರಕ್ಕೊಮ್ಮೆ ಮುದ್ರಿಸಿಕೊಂಡು ಕೇಳಿ. ಕೈಗೆ ಖುಷಿ ಕೊಟ್ಟ ಸಾಲು ಕಿವಿಗೆ ಹೇಗೆ ಕೇಳುತ್ತದೆ ಎಂಬುದು ಆಗ ತಿಳಿಯುತ್ತದೆ.

ಹಾಸು ಮತ್ತು ಹೊಕ್ಕು

ಬ್ಲೂಸ್ ಹುಟ್ಟಿದ್ದು ಹತ್ತಿಯ ಹೊಲಗಳಲ್ಲಿ ದುಡಿದ ಜನರ ನಡುವೆ. ನಮ್ಮದೂ ಎರೆ ಭೂಮಿಯ ಹತ್ತಿಯ ಸೀಮೆ. ನರಗುಂದದಲ್ಲಿ ಪ್ರತಿವರ್ಷ ಜುಲೈ 21ರಂದು 1980ರ ರೈತ ಬಂಡಾಯದ ಹುತಾತ್ಮರನ್ನು ನೆನೆಯುವಾಗ ದುಃಖವೂ ಇರುತ್ತದೆ, ಬಗ್ಗದ ಹುರುಪೂ ಇರುತ್ತದೆ. ಎರಡನ್ನೂ ಬಿಡಿಸಿ ಬೇರೆ ಇಡಲು ಬರುವುದಿಲ್ಲ. ಕೋಮಲ ಗಾಂಧಾರ ಶುದ್ಧಕ್ಕೆ ಜಾರುವಾಗ ನನಗೆ ಕೇಳುವುದು ಇಂಥ ಭಾವ. ಸ್ಕೇಲ್‌ಗಳ ಲೆಕ್ಕ ಕಲಿಯುವುದು ಆ ಭಾವವನ್ನು ನುಡಿಸಲು ಕೈ ಸಜ್ಜಾಗಲಿ ಎಂದು.

ಗಜೇಂದ್ರಗಡ ಕೈಮಗ್ಗದ ಸೀರೆಗೆ ಹೆಸರಾದ ಊರು. ಮಗ್ಗದ ಮೇಲೆ ಹಾಸು ಮೊದಲೇ ಬಿಗಿದಿರುತ್ತದೆ, ಹೊಕ್ಕು ಅದರ ನಡುವೆ ಹೋಗಿ ಬರುತ್ತದೆ. ಕಾರ್ಡಿನಲ್ಲಿರುವ ಗಾಂಧಾರ ನಮ್ಮ ಹಾಸು, ಇನ್ನೊಂದು ಗಾಂಧಾರ ಹೊಕ್ಕು. ಡಿ ಕಾರ್ಡ್ ಬಂದಾಗ ಹಾಸೇ ಬದಲಾಗುತ್ತದೆ, ಆಗ ಹೊಕ್ಕೂ ಬದಲಾಗಬೇಕು.

ಆ ಶ್ರಾವಣದ ಮರುವರ್ಷ ಅದೇ ಭಜನೆಗೆ ಹೋದೆ. ಕಾಕಾ ತಾವೇ ಬಿಳಿ ಆರರ ಸ, ಪ ಹಿಡಿದು ಕುಳಿತರು. ನಾನು ಶುದ್ಧ ಗಾಂಧಾರದ ಮೇಲೆ ನಿಂತು, ಮಧ್ಯಮ ಮುಟ್ಟಿ, ಕೋಮಲಕ್ಕೆ ಇಳಿದು ಷಡ್ಜ ಸೇರಿದೆ. ಅವರು ಕಣ್ಣು ತೆರೆಯಲಿಲ್ಲ. ಪೇಟಿಯ ತಿದಿ ಒತ್ತುತ್ತಲೇ "ಹೂಂ, ಮತ್ತೊಮ್ಮೆ" ಎಂದರು.